‘ಇನ್ನೆಷ್ಟು ಕಾಲ?’: ದೇವರನ್ನೇ ಕೇಳುವ ನಂಬಿಕೆ

(ಉಪನ್ಯಾಸದ ಬರಹ ರೂಪ)

ರೋಮನ್ ಕಥೋಲಿಕ ಸಭೆಯಲ್ಲಿ ಗುರುಗಳೂ ಸನ್ಯಾಸಿಗಳೂ ಕನ್ಯಾಸ್ತ್ರೀಯರೂ ಹೊತ್ತುಹೊತ್ತಿಗೆ ಹೇಳುವ ಪ್ರಾರ್ಥನೆಗಳ ಕ್ರಮವೊಂದಿದೆ. ಮಲಗುವ ಮುಂಚಿನ ಪ್ರಾರ್ಥನೆಗೆ ವಾರದ ಯಾವ ದಿನ ಬೈಬಲಿನ ಯಾವ ಕೀರ್ತನೆ ಎಂಬುದು ಅದರಲ್ಲಿ ಗೊತ್ತುಮಾಡಿದೆ. ಶುಕ್ರವಾರ ರಾತ್ರಿಯ ಪಾಲಿಗೆ ಬಂದಿರುವುದು 88ನೆಯ ಕೀರ್ತನೆ. ಹದಿನೆಂಟು ವಚನಗಳ ಈ ಕೀರ್ತನೆಯಲ್ಲಿ ಸಮಾಧಾನದ ಮುಕ್ತಾಯವಿಲ್ಲ. ‘ನನ್ನನ್ನು ಯಾಕೆ ತಳ್ಳಿಬಿಟ್ಟೆ, ಮುಖವನ್ನು ಯಾಕೆ ಮರೆಮಾಡಿಕೊಂಡೆ’ ಎಂದು ಕೇಳಿ, ಗೆಳೆಯರೂ ದೂರವಾದರು ಎಂದು ಹೇಳಿ, ಹೀಬ್ರೂ ಮೂಲದಲ್ಲಿ ‘ಕತ್ತಲೆ’ ಎಂಬ ಪದದ ಮೇಲೆ ನಿಂತುಬಿಡುತ್ತದೆ.

1970ರ ದಶಕದ ಆರಂಭದಲ್ಲಿ ಈ ಪ್ರಾರ್ಥನಾ ಕ್ರಮವನ್ನು ಪರಿಷ್ಕರಿಸಿದಾಗ ಮೂರು ಕೀರ್ತನೆಗಳನ್ನು ಪೂರ್ತಿಯಾಗಿ ಕೈಬಿಟ್ಟರು: 58, 83, 109. ಮೂರರಲ್ಲೂ ಶತ್ರುಗಳಿಗೆ ಶಾಪವಿದೆ. 88ನೆಯದನ್ನು ಯಾರೂ ಮುಟ್ಟಲಿಲ್ಲ. ಶತ್ರುವನ್ನು ಶಪಿಸುವ ಮಾತನ್ನು ನಿತ್ಯದ ಪ್ರಾರ್ಥನೆಯಿಂದ ತೆಗೆದವರು ದೇವರನ್ನೇ ಕೇಳುವ ಮಾತನ್ನು ಉಳಿಸಿಕೊಂಡರು. ಇವತ್ತು ನಾವು ಮಾತಾಡಬೇಕಾದ ವಿಷಯಕ್ಕೆ ಇದು ಒಳ್ಳೆಯ ಬಾಗಿಲು.

ಸಾವಾದ ಮನೆಯಲ್ಲಿ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಯಾರೋ ‘ದೇವರೇ, ಯಾಕೆ ಹೀಗೆ ಮಾಡಿದೆ?’ ಎಂದು ಒಡೆದುಕೊಂಡು ಕೇಳುತ್ತಾರೆ. ಪಕ್ಕದಲ್ಲಿದ್ದವರು, ಒಳ್ಳೆಯ ಮನಸ್ಸಿನಿಂದಲೇ, ‘ಹಾಗೆಲ್ಲ ಕೇಳಬಾರದು, ನಂಬಿಕೆ ಇಲ್ಲದವರು ಆಡುವ ಮಾತು ಅದು’ ಎಂದು ಬಾಯಿ ಮುಚ್ಚಿಸುತ್ತಾರೆ. ಈ ಬುದ್ಧಿಮಾತು ಬೈಬಲಿನಲ್ಲೂ ಇದೆ, ಆದರೆ ದೇವರು ಮೆಚ್ಚದವರ ಬಾಯಲ್ಲಿದೆ. ಅದನ್ನು ತೋರಿಸುವುದಕ್ಕಿಂತ ಮೊದಲು ಒಂದೆರಡು ಪದಗಳನ್ನು ಬಿಡಿಸಿಕೊಳ್ಳಬೇಕು.

ಮೊದಲನೆಯದು ‘ನಂಬಿಕೆ’. ಹಳೆಯ ಒಡಂಬಡಿಕೆಯಲ್ಲಿ ಇದಕ್ಕಿರುವ ಮುಖ್ಯ ಪದ ‘ಎಮೂನಾ’. ನಾವು ಪ್ರಾರ್ಥನೆಯ ಕೊನೆಗೆ ಹೇಳುವ ‘ಆಮೆನ್’ ಇದೇ ಧಾತುವಿನದು. ಈ ಪದದ ಮೈಗಟ್ಟು ತಿಳಿಯಬೇಕಾದರೆ ವಿಮೋಚನಕಾಂಡದ 17ನೆಯ ಅಧ್ಯಾಯಕ್ಕೆ ಹೋಗಬೇಕು. ಅಮಾಲೇಕ್ಯರ ಜೊತೆ ಯುದ್ಧ ನಡೆದಿದೆ. ಇಸ್ರಾಯೇಲ್ಯರ ನಾಯಕ ಮೋಶೆ ಗುಡ್ಡದ ಮೇಲೆ ಕೈಯೆತ್ತಿ ನಿಂತಿದ್ದಾನೆ. ಕೈ ಸೋತು ಕೆಳಗಿಳಿದರೆ ಇಸ್ರಾಯೇಲ್ಯರು ಸೋಲುತ್ತಾರೆ. ಆಗ ಒಂದು ಕಲ್ಲು ತಂದಿಟ್ಟು ಅವನನ್ನು ಕೂರಿಸಿ, ಆರೋನ ಒಂದು ಕಡೆ, ಹೂರ ಇನ್ನೊಂದು ಕಡೆ ನಿಂತು ಕೈಗಳಿಗೆ ಆಧಾರ ಕೊಡುತ್ತಾರೆ. ಸೂರ್ಯ ಮುಳುಗುವವರೆಗೆ ಅವನ ಕೈಗಳು ‘ಎಮೂನಾ’ ಆಗಿದ್ದವು ಎನ್ನುತ್ತದೆ ಮೂಲ. ಅಂದರೆ ಅಲುಗದೆ ನಿಂತಿದ್ದವು. ಗಮನಿಸಿ, ಆ ಕೈಗಳಿಗೆ ಆಯಾಸವಾಗಿತ್ತು, ಬಹುಶಃ ನಡುಗುತ್ತಲೂ ಇದ್ದವು, ಇನ್ನೊಬ್ಬರ ಆಧಾರವಿಲ್ಲದೆ ನಿಲ್ಲುತ್ತಿರಲಿಲ್ಲ. ಅದನ್ನೇ ಎಮೂನಾ ಎಂದು ಕರೆದಿದ್ದಾರೆ. ನಂಬಿಕೆ ಎಂದರೆ ಮನಸ್ಸಿನಲ್ಲಿ ಒಂದೂ ಪ್ರಶ್ನೆ ಏಳದಿರುವ ಸ್ಥಿತಿ ಎಂದುಕೊಂಡವರಿಗೆ ಈ ಚಿತ್ರ ಹೊಂದುವುದಿಲ್ಲ. ಇಲ್ಲಿ ನಂಬಿಕೆ ಎಂದರೆ ಸೋತರೂ ಗುಡ್ಡ ಇಳಿಯದಿರುವುದು.

ಎರಡನೆಯದು ‘ಕೀರ್ತನೆ’. ನಮ್ಮ ಕಿವಿಗೆ ಕೀರ್ತನೆಯೆಂದರೆ ಸ್ತುತಿ. ಹೀಬ್ರೂ ಭಾಷೆಯಲ್ಲೂ ಆ ಗ್ರಂಥದ ಹೆಸರು ‘ತೆಹಿಲ್ಲೀಮ್’, ಸ್ತುತಿಗಳು ಎಂದೇ ಅರ್ಥ. ಆದರೆ ಒಳಗಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ದೂರು, ಅಳಲು, ಮೊರೆ. ಹೆರ್ಮಾನ್ ಗುಂಕೆಲ್ ಎಂಬ ಜರ್ಮನ್ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೀರ್ತನೆಗಳನ್ನು ಬಗೆಬಗೆಯಾಗಿ ವಿಂಗಡಿಸಿದಾಗ ಒಬ್ಬೊಬ್ಬ ವ್ಯಕ್ತಿಯ ಪ್ರಲಾಪವೇ ಎಲ್ಲಕ್ಕಿಂತ ದೊಡ್ಡ ಗುಂಪಾಯಿತು. ಅದನ್ನೆಲ್ಲ ಒಟ್ಟು ಕಟ್ಟಿ ‘ಸ್ತುತಿಗಳು’ ಎಂದು ಹೆಸರಿಟ್ಟವರು ದೂರನ್ನೂ ಆರಾಧನೆಯ ಲೆಕ್ಕಕ್ಕೇ ಹಾಕಿದ್ದರು. ಕನ್ನಡದವರಿಗೆ ದಾಸಸಾಹಿತ್ಯದ ನಿಂದಾಸ್ತುತಿ ಗೊತ್ತಿರುವುದರಿಂದ ಇದೂ ಅಂಥದ್ದೇ ಎನಿಸಬಹುದು. ಪೂರ್ತಿ ಅಲ್ಲ. ನಿಂದಾಸ್ತುತಿಯಲ್ಲಿ ಬೈಗುಳ ಹೊರಗಿನ ವೇಷ, ಒಳಗಿರುವುದು ಹೊಗಳಿಕೆ. ಇಲ್ಲಿ ದೂರು ವೇಷವಲ್ಲ. ಕೇಳುವವನಿಗೆ ನಿಜವಾಗಿ ನೋವಾಗಿದೆ, ದೇವರು ನಿಜವಾಗಿ ಸುಮ್ಮನಿದ್ದಾನೆ ಎಂದೇ ಅವನಿಗೆ ಅನಿಸಿದೆ.

ಈಗ ಯೋಬನ ಗ್ರಂಥ. 42 ಅಧ್ಯಾಯಗಳು. ಮಕ್ಕಳು ಸತ್ತು, ಆಸ್ತಿ ಹೋಗಿ, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತವನ ಬಳಿಗೆ ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬರುತ್ತಾರೆ. ಮೊದಲ ಏಳು ದಿನ, ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಜೊತೆಗೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಕೆಡುತ್ತದೆ. ಅವರ ವಾದ ಸರಳ: ದೇವರು ನ್ಯಾಯವಂತ, ನಿನಗೆ ಕಷ್ಟ ಬಂದಿದೆ, ಆದ್ದರಿಂದ ನೀನು ಪಾಪ ಮಾಡಿರಬೇಕು, ಒಪ್ಪಿಕೋ. ಬಿಲ್ದದನಂತೂ ಸತ್ತ ಮಕ್ಕಳ ಮೇಲೇ ತಪ್ಪು ಹೊರಿಸುವ ಮಾತಾಡುತ್ತಾನೆ (8ನೆಯ ಅಧ್ಯಾಯ). ಯೋಬ ಒಪ್ಪುವುದಿಲ್ಲ. ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ‘ನನ್ನ ಮೇಲೆ ಕಾವಲಿಡಲು ನಾನೇನು ಸಮುದ್ರವೋ, ಸಮುದ್ರದ ಮೃಗವೋ?’ ಎಂದು ಕೇಳುತ್ತಾನೆ.

ಇಲ್ಲಿ ಕೈಯಲ್ಲಿ ಪೆನ್ಸಿಲ್ ಹಿಡಿದು ಓದಬೇಕು. ಯೋಬ ಎಲ್ಲಿ ಗೆಳೆಯರಿಗೆ ಮಾತಾಡುತ್ತಾನೆ, ಎಲ್ಲಿ ನೇರವಾಗಿ ದೇವರಿಗೆ ‘ನೀನು’ ಎನ್ನುತ್ತಾನೆ ಎಂದು ಗುರುತು ಹಾಕುತ್ತ ಹೋಗಿ. 7ನೆಯ ಅಧ್ಯಾಯದ ನಡುವೆ ಗೆಳೆಯರನ್ನು ಬಿಟ್ಟು ದೇವರ ಕಡೆ ತಿರುಗುತ್ತಾನೆ. 10ರಲ್ಲಿ ಮತ್ತೆ, 13ರ ಕೊನೆಯಿಂದ 14ರವರೆಗೆ ಮತ್ತೆ, 30ರಲ್ಲಿ ಇನ್ನೊಮ್ಮೆ. ಈಗ ಅದೇ ಗುರುತನ್ನು ಮೂವರು ಗೆಳೆಯರ ಮಾತಿಗೆ ಹಾಕಿ. ಒಂದೂ ಸಿಗುವುದಿಲ್ಲ. ದೇವರ ಪರವಾಗಿ ಅಷ್ಟೆಲ್ಲ ವಾದ ಮಾಡಿದವರು ಒಂದು ಸಲವೂ ದೇವರೊಂದಿಗೆ ಮಾತಾಡಲಿಲ್ಲ, ನರಳುತ್ತಿದ್ದ ಗೆಳೆಯನಿಗಾಗಿ ಒಂದು ಸಾಲಿನ ಪ್ರಾರ್ಥನೆಯನ್ನೂ ಮಾಡಲಿಲ್ಲ.

ತೀರ್ಪು 42ನೆಯ ಅಧ್ಯಾಯದ 7ನೆಯ ವಚನದಲ್ಲಿ ಬರುತ್ತದೆ. ದೇವರು ಎಲೀಫಜನಿಗೆ ಹೇಳುತ್ತಾನೆ: ನಿನ್ನ ಮೇಲೂ ನಿನ್ನ ಇಬ್ಬರು ಗೆಳೆಯರ ಮೇಲೂ ನನಗೆ ಸಿಟ್ಟು ಬಂದಿದೆ, ನನ್ನ ಸೇವಕ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾದುದನ್ನು ಆಡಲಿಲ್ಲ. ‘ನನ್ನ ವಿಷಯದಲ್ಲಿ’ ಎಂದು ಅನುವಾದವಾಗುವ ಜಾಗದಲ್ಲಿ ಹೀಬ್ರೂ ಪದ ‘ಏಲೈ’. ಅದರ ಸಾಮಾನ್ಯ ಅರ್ಥ ‘ನನಗೆ’, ‘ನನ್ನ ಕಡೆಗೆ’. ಅನುವಾದಕರು ‘ನನ್ನ ವಿಷಯದಲ್ಲಿ’ ಎನ್ನುವುದಕ್ಕೂ ಕಾರಣಗಳಿವೆ. ಆದರೂ ನೇರ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಇಡೀ ಗ್ರಂಥವನ್ನು ಓದಿದರೆ, ದೇವರ ಕಡೆಗೆ ತಿರುಗಿ ಮಾತಾಡಿದವನು ಯೋಬ ಒಬ್ಬನೇ ಎಂಬುದು ಕಣ್ಣಿಗೆ ಹೊಡೆಯುತ್ತದೆ. ಗೆಳೆಯರು ಏಳು ಹೋರಿ, ಏಳು ಟಗರು ತಂದು ಬಲಿ ಕೊಡಬೇಕಾಯಿತು. ಅವರಿಗಾಗಿ ಪ್ರಾರ್ಥನೆ ಮಾಡುವ ಹೊಣೆ ಬಂದದ್ದು ಅವರು ಅವಿಶ್ವಾಸಿ ಎಂದುಕೊಂಡಿದ್ದ ಯೋಬನಿಗೆ.

ಹಾಗೆಂದು ಯೋಬ ಹೇಳಿದ್ದೆಲ್ಲ ಸರಿ ಎಂದು ಗ್ರಂಥ ಹೇಳುವುದಿಲ್ಲ. 38ನೆಯ ಅಧ್ಯಾಯದಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತು ಶುರುಮಾಡುವುದೇ ‘ಅರಿವಿಲ್ಲದ ಮಾತುಗಳಿಂದ ಆಲೋಚನೆಯನ್ನು ಮಸುಕು ಮಾಡುವ ಇವನಾರು?’ ಎಂದು. 40ರಲ್ಲಿ ‘ನೀನು ನೀತಿವಂತ ಎನಿಸಿಕೊಳ್ಳಲು ನನ್ನನ್ನು ತಪ್ಪಿತಸ್ಥ ಮಾಡುವೆಯಾ?’ ಎಂದು ಗದರಿಸುತ್ತಾನೆ. ‘ಯಾಕೆ’ ಎಂಬುದಕ್ಕೆ ಯೋಬನಿಗೆ ಕೊನೆಗೂ ಉತ್ತರ ಸಿಗುವುದಿಲ್ಲ, ಕಥೆಯ ಆರಂಭದಲ್ಲಿ ಪರಲೋಕದಲ್ಲಿ ದೇವರಿಗೂ ಸೈತಾನನಿಗೂ ನಡೆದ ಮಾತನ್ನು ಯಾರೂ ಅವನಿಗೆ ಹೇಳುವುದಿಲ್ಲ. ದೇವರನ್ನು ಕೇಳುವವರು ತಿದ್ದಿಸಿಕೊಳ್ಳಲೂ ತಯಾರಿರಬೇಕು. ಆದರೆ ತಿದ್ದುವುದೇ ಬೇರೆ, ತಳ್ಳಿಬಿಡುವುದೇ ಬೇರೆ.

ಹಾಗಾದರೆ ತಪ್ಪಾದ ಪ್ರಶ್ನೆ ಇಲ್ಲವೇ? ಇದೆ. ಅರಣ್ಯಕಾಂಡದ 11ನೆಯ ಅಧ್ಯಾಯದಲ್ಲಿ ಎರಡು ಬಗೆಯ ದೂರುಗಳು ಒಂದರ ಪಕ್ಕ ಒಂದು ಇವೆ. ಮರುಭೂಮಿಯಲ್ಲಿ ಜನ ದೇವರು ಕೊಟ್ಟ ಮನ್ನಾ ಎಂಬ ಆಹಾರ ತಿಂದು ಬೇಸತ್ತು ಐಗುಪ್ತದ (ಈಜಿಪ್ಟಿನ) ಮೀನು, ಸೌತೆಕಾಯಿ, ಕರ್ಬೂಜ, ಈರುಳ್ಳಿ, ಬೆಳ್ಳುಳ್ಳಿ ನೆನೆಸಿಕೊಂಡು ಅಳುತ್ತಾರೆ. ಅಳುವುದೆಲ್ಲಿ? ಪ್ರತಿ ಕುಟುಂಬವೂ ತನ್ನ ತನ್ನ ಡೇರೆಯ ಬಾಗಿಲಲ್ಲಿ. ಮಾತೆಲ್ಲ ತಮ್ಮತಮ್ಮೊಳಗೆ. ಅದೇ ಅಧ್ಯಾಯದಲ್ಲಿ ಮೋಶೆಯೂ ಸಿಡಿಯುತ್ತಾನೆ, ಅವರಿಗಿಂತ ಕಟುವಾಗಿ: ಈ ಜನರನ್ನೆಲ್ಲ ನಾನು ಬಸಿರಾಗಿ ಹೆತ್ತೆನೇ, ನನ್ನ ಮೇಲೆ ಯಾಕೆ ಈ ಹೊರೆ, ಹೀಗೇ ನಡೆಸುವುದಾದರೆ ನನ್ನನ್ನು ಕೊಂದುಬಿಡು. ಆದರೆ ಮೋಶೆ ಅದನ್ನು ಹೇಳಿದ್ದು ಯೆಹೋವನಿಗೆ, ನೇರವಾಗಿ ದೇವರಿಗೆ. ಜನರ ದೂರಿನ ಕೊನೆಗೆ ವ್ಯಾಧಿ ಬರುತ್ತದೆ. ಮೋಶೆಯ ದೂರಿಗೆ ಸಿಕ್ಕಿದ್ದು ಹೊರೆ ಹಂಚಿಕೊಳ್ಳಲು ಎಪ್ಪತ್ತು ಮಂದಿ ಹಿರಿಯರು. ಗೊಣಗುವುದಕ್ಕೂ ಮೊರೆಯಿಡುವುದಕ್ಕೂ ಇರುವ ವ್ಯತ್ಯಾಸ ದನಿಯ ಏರಿಳಿತದಲ್ಲಿಲ್ಲ, ಮುಖ ಯಾವ ಕಡೆ ತಿರುಗಿದೆ ಎನ್ನುವುದರಲ್ಲಿದೆ.

ಇನ್ನೊಂದು ತಪ್ಪು ಮಸ್ಸಾದಲ್ಲಿ ನಡೆದದ್ದು. ಎಮೂನಾ ಪದ ಸಿಕ್ಕಿದ ಅದೇ ವಿಮೋಚನಕಾಂಡ 17ರ ಮೊದಲ ಭಾಗ. ನೀರಿಲ್ಲದ ಜನ ‘ಯೆಹೋವನು ನಮ್ಮ ನಡುವೆ ಇದ್ದಾನೋ ಇಲ್ಲವೋ’ ಎಂದು ಪರೀಕ್ಷೆಗಿಳಿಯುತ್ತಾರೆ. ಮಸ್ಸಾ ಎಂದರೇ ಪರೀಕ್ಷೆ. ನೀರು ಕೇಳಿದ್ದು ತಪ್ಪಲ್ಲ, ಬಾಯಾರಿದವರು ಕೇಳದೆ ಇರುತ್ತಾರೆಯೇ? ನೀರು ಕೊಟ್ಟರೆ ಇದ್ದಾನೆ, ಕೊಡದಿದ್ದರೆ ಇಲ್ಲ ಎಂದು ಷರತ್ತು ಹಾಕಿದ್ದು ತಪ್ಪು. ಸೈತಾನ ದೇವಾಲಯದ ತುದಿಯಿಂದ ಧುಮುಕು ಎಂದಾಗ ಯೇಸು ಕೊಟ್ಟ ಉತ್ತರ ಧರ್ಮೋಪದೇಶಕಾಂಡ 6:16, ಅದು ಮಸ್ಸಾವನ್ನೇ ಹೆಸರಿಸುವ ವಚನ. ‘ಈ ತಿಂಗಳೊಳಗೆ ಗುಣವಾಗದಿದ್ದರೆ ದೇವರೇ ಇಲ್ಲ ಎಂದುಕೊಳ್ಳುತ್ತೇನೆ’ ಎಂಬ ಗಡುವಿನ ಪ್ರಾರ್ಥನೆ ಈ ಜಾತಿಯದು. ಇದರಿಂದ ಎಡವಿ ಬಿದ್ದವರು ಬಹಳ. ಗಡುವು ಮುಗಿದ ದಿನ ಅವರ ಕೈಯಲ್ಲಿ ಪ್ರಶ್ನೆಯೂ ಉಳಿಯುವುದಿಲ್ಲ.

ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಮಗ ಹುಟ್ಟುವ ಸುದ್ದಿ ತಂದ ಒಬ್ಬನೇ ದೂತ ಗಬ್ರಿಯೇಲನಿಗೆ ಇಬ್ಬರು ಪ್ರಶ್ನೆ ಹಾಕುತ್ತಾರೆ. ಜಕರೀಯ ಕೇಳುವುದು ‘ಇದನ್ನು ಯಾವುದರಿಂದ ತಿಳಿದುಕೊಳ್ಳಲಿ? ನಾನು ಮುದುಕ’. ಮರಿಯಳು ಕೇಳುವುದು ‘ಇದು ಹೇಗೆ ಆಗುತ್ತದೆ? ನಾನು ಗಂಡನ್ನು ಅರಿತವಳಲ್ಲ’. ಮೇಲ್ನೋಟಕ್ಕೆ ಎರಡೂ ಒಂದೇ. ಜಕರೀಯ ಮೂಕನಾಗುತ್ತಾನೆ, ಮರಿಯಳಿಗೆ ವಿವರಣೆ ಸಿಗುತ್ತದೆ. ಜಕರೀಯ ಕೇಳಿದ್ದು ರುಜುವಾತು, ಮರಿಯಳು ಕೇಳಿದ್ದು ದಾರಿ. ಆಗುತ್ತದೆ ಎಂಬುದನ್ನು ಅವಳು ಒಪ್ಪಿಯಾಗಿದೆ, ಹೇಗೆ ಎನ್ನುವುದಷ್ಟೇ ಗೊತ್ತಿಲ್ಲ. ಆದರೂ ಜಕರೀಯನ ಕಥೆಯನ್ನು ಶಿಕ್ಷೆಯಲ್ಲಿ ನಿಲ್ಲಿಸಬಾರದು. ವಾಗ್ದಾನ ಮುರಿಯಲಿಲ್ಲ, ಮಗು ಹುಟ್ಟಿತು, ಹಲಗೆಯ ಮೇಲೆ ‘ಯೋಹಾನನೆಂದು ಅವನ ಹೆಸರು’ ಎಂದು ಬರೆದ ಕೂಡಲೇ ನಾಲಿಗೆ ಸಡಿಲಾಯಿತು. ಸಂಶಯಪಟ್ಟವನ ಪಾಲನ್ನೂ ದೇವರು ಕಸಿದುಕೊಳ್ಳಲಿಲ್ಲ.

ಪ್ರಶ್ನೆ ಕೇಳುವವರ ಮೇಲೆ ಎಸೆಯಲು ಹೆಚ್ಚಾಗಿ ಬಳಸುವ ವಚನ ಹೊಸ ಒಡಂಬಡಿಕೆಯ ಯಾಕೋಬನ ಪತ್ರದ 1:6, ಸಂಶಯಪಡುವವನು ಗಾಳಿಗೆ ಹೊಯ್ದಾಡುವ ಸಮುದ್ರದ ತೆರೆಯಂತೆ. ಇದನ್ನು ಓದುವವರು ಮೇಲಿನ 5ನೆಯ ವಚನವನ್ನೂ ಕೆಳಗಿನ 8ನೆಯದನ್ನೂ ಓದಬೇಕು. 5ರಲ್ಲಿ ಹೇಳಿರುವುದು, ಜ್ಞಾನ ಕಡಿಮೆಯಿದ್ದವನು ದೇವರನ್ನು ಕೇಳಲಿ, ಹಂಗಿಸದೆ ಕೊಡುವವನು ಅವನು. 8ರಲ್ಲಿ ಬರುವ ಗ್ರೀಕ್ ಪದ ‘ದಿಪ್ಸುಖೋಸ್’, ಅಕ್ಷರಶಃ ಎರಡು ಪ್ರಾಣದವನು, ನಮ್ಮ ಮಾತಿನಲ್ಲಿ ಎರಡು ದೋಣಿಯಲ್ಲಿ ಕಾಲಿಟ್ಟವನು. ಯಾಕೋಬ ಗದರಿಸುತ್ತಿರುವುದು ದೇವರಿಗೂ ಒಂದು ಕೈ, ಬೇರೆ ಕಡೆಗೂ ಒಂದು ಕೈ ಚಾಚಿದವನನ್ನು. ಉತ್ತರಕ್ಕಾಗಿ ದೇವರನ್ನೇ ಹಿಡಿದು ಜಗ್ಗುವವನನ್ನು ಅಲ್ಲ. ಅದೇ ಪತ್ರದ 5ನೆಯ ಅಧ್ಯಾಯದಲ್ಲಿ ತಾಳ್ಮೆಗೆ ಮಾದರಿಯಾಗಿ ಅವನು ಎತ್ತಿಕೊಡುವ ಹೆಸರು ಯೋಬನದು. ಸುಮಾರು ಇಪ್ಪತ್ತು ಅಧ್ಯಾಯ ದೇವರ ಮುಂದೆ ವಾದ ಹೂಡಿದವನ ಹೆಸರು!

ಹಬಕ್ಕೂಕನ ಪುಸ್ತಕಕ್ಕೆ ಇರುವುದು ಮೂರೇ ಅಧ್ಯಾಯ. ಶುರುವಾಗುವುದೇ ‘ಯೆಹೋವನೇ, ಇನ್ನೆಷ್ಟು ಕಾಲ ಮೊರೆಯಿಡಲಿ, ನೀನು ಕೇಳುವುದಿಲ್ಲವಲ್ಲ’ ಎಂಬ ದೂರಿನಿಂದ. ದೇವರು ಉತ್ತರಿಸುತ್ತಾನೆ, ಕಸ್ದೀಯರನ್ನು, ಅಂದರೆ ಬಾಬಿಲೋನಿನವರನ್ನು, ಎಬ್ಬಿಸುತ್ತಿದ್ದೇನೆ ಎಂದು. ಪ್ರವಾದಿಗೆ ಆ ಉತ್ತರ ಒಪ್ಪಿಗೆಯಾಗುವುದಿಲ್ಲ. ನಮಗಿಂತ ಕೆಟ್ಟವರ ಕೈಯಲ್ಲಿ ನಮ್ಮನ್ನು ದಂಡಿಸುವುದು ಯಾವ ನ್ಯಾಯ ಎಂದು ಎರಡನೆಯ ಸಲ ಕೇಳುತ್ತಾನೆ. ಕೇಳಿ ಎದ್ದು ಹೋಗುವುದಿಲ್ಲ. ಕಾವಲು ಬುರುಜಿನ ಮೇಲೆ ನಿಂತು, ನನ್ನ ತಕರಾರಿಗೆ ಏನು ಹೇಳುತ್ತಾನೋ ನೋಡುತ್ತೇನೆ ಎಂದು ಕಾಯುತ್ತಾನೆ. ಆ ಕಾಯುವಿಕೆಗೆ ಬಂದ ಉತ್ತರದೊಳಗೇ 2:4 ಇದೆ, ‘ನೀತಿವಂತನು ನಂಬಿಕೆಯಿಂದಲೇ ಬದುಕುವನು’. ಮೂಲದ ಪದ ಮತ್ತೆ ಅದೇ ಎಮೂನಾ. ಪೌಲನು ಇದನ್ನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ ಎತ್ತಿಕೊಂಡ, ಇಬ್ರಿಯರಿಗೆ ಬರೆದ ಪತ್ರದಲ್ಲೂ ಇದು ಬಂತು, ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಇದರ ಮೇಲೆ ನಿಂತೇ ಮಾತಾಡಿದರು. ಕ್ರೈಸ್ತಲೋಕದಲ್ಲಿ ನಂಬಿಕೆಯ ಬಗ್ಗೆ ಅತಿ ಹೆಚ್ಚು ಉದ್ಧರಿಸುವ ವಾಕ್ಯಗಳಲ್ಲಿ ಇದೂ ಒಂದು. ಅದು ಬಂದದ್ದು ದೇವರನ್ನು ಎರಡು ಸಲ ಪ್ರಶ್ನಿಸಿದವನಿಗೆ ಉತ್ತರವಾಗಿ. ಹಬಕ್ಕೂಕ ‘ಹಾಗೆಲ್ಲ ಕೇಳಬಾರದು’ ಎಂದು ಬಾಯಿ ಮುಚ್ಚಿಕೊಂಡಿದ್ದರೆ ಈ ವಾಕ್ಯ ನಮಗೆ ಬರುತ್ತಲೇ ಇರಲಿಲ್ಲ.

ಶಿಲುಬೆಯ ಮಾತಂತೂ ಎಲ್ಲರಿಗೂ ಗೊತ್ತು. ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ?’ 22ನೆಯ ಕೀರ್ತನೆಯ ಮೊದಲ ಸಾಲು, ಯೇಸುವಿನ ಬಾಯಲ್ಲಿ, ಮಾರ್ಕ 15:34. ಅದು ಸುಮ್ಮನೆ ಕೀರ್ತನೆಯ ಪಠಣ, ಕೊನೆಯಲ್ಲಿ ಜಯವಿದೆಯಲ್ಲ ಎಂದು ಕೆಲವರು ಅದರ ನೋವನ್ನು ತೇಲಿಸಿಬಿಡುತ್ತಾರೆ. ಕೀರ್ತನೆಯ ಉತ್ತರಾರ್ಧ ಸ್ತುತಿಗೆ ತಿರುಗುವುದು ನಿಜ. ಆದರೆ ಮಾರ್ಕ ದಾಖಲಿಸಿರುವುದು ಮೊದಲ ಸಾಲನ್ನು, ಅದೂ ಅರಾಮಿಕ್ ನುಡಿಯಲ್ಲಿ ಅಕ್ಷರಶಃ ಉಳಿಸಿಕೊಂಡು. ಆಮೇಲೆ ಬರುವುದು ಇನ್ನೊಂದು ಕೂಗು, ಸಾವು. ಪ್ರಶ್ನಿಸುವುದೇ ಅಪನಂಬಿಕೆಯಾದರೆ ಈ ಮಾತನ್ನು ಏನೆಂದು ಕರೆಯುತ್ತೀರಿ?

ಸಭೆಯ ಚಿಂತಕರೂ ಈ ಭೇದವನ್ನು ಗುರುತಿಸಿದ್ದಾರೆ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸರ ಮಹಾಗ್ರಂಥದಲ್ಲಿ ಪ್ರತಿ ಲೇಖನವೂ ಎದುರಾಳಿಯ ಆಕ್ಷೇಪಗಳಿಂದಲೇ ಶುರು. ‘ದೇವರಿದ್ದಾನೆಯೇ’ ಎಂಬಲ್ಲಿ ಅವರು ಇಡುವ ಮೊದಲ ಆಕ್ಷೇಪ, ಲೋಕದಲ್ಲಿ ಕೇಡು ಇದೆಯಲ್ಲ ಎಂಬುದೇ. 1864ರಲ್ಲಿ ಜಾನ್ ಹೆನ್ರಿ ನ್ಯೂಮನ್, ಹತ್ತು ಸಾವಿರ ತೊಡಕುಗಳು ಸೇರಿದರೂ ಒಂದು ಸಂಶಯವಾಗುವುದಿಲ್ಲ ಎಂದು ಬರೆದರು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ 157ನೆಯ ಪರಿಚ್ಛೇದದಲ್ಲಿ ಆ ಮಾತನ್ನು ತೆಗೆದುಕೊಂಡಿದೆ. 2088ನೆಯ ಪರಿಚ್ಛೇದದಲ್ಲಿ ಎರಡು ಬಗೆಯ ಸಂಶಯವನ್ನು ಬೇರ್ಪಡಿಸಿದೆ: ಬೇಕೆಂದೇ ತಳ್ಳಿಹಾಕುವುದು ಒಂದು, ಬೇಡವೆಂದರೂ ಮನಸ್ಸನ್ನು ಕಾಡುವ ತೊಡಕು, ಅಳುಕು ಇನ್ನೊಂದು. ಬೇಕೆಂದೇ ಸಾಕಿಕೊಂಡರೆ ಸಂಶಯ ಆತ್ಮದ ಕುರುಡುತನಕ್ಕೆ ದಾರಿಯಾದೀತು ಎಂಬ ಎಚ್ಚರಿಕೆಯೂ ಅಲ್ಲಿದೆ. ಕೊಲ್ಕತ್ತದ ಮದರ್ ತೆರೇಸಾ ಸುಮಾರು ಐವತ್ತು ವರ್ಷ ಒಳಗಿನ ಕತ್ತಲೆಯಲ್ಲಿ ನಡೆದರು ಎಂಬುದು 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಲೋಕಕ್ಕೆ ತಿಳಿಯಿತು. ಅವುಗಳನ್ನು ಓದಿದ ಮೇಲೂ, 2016ರಲ್ಲಿ, ಸಭೆ ಅವರನ್ನು ಸಂತರೆಂದು ಘೋಷಿಸಿತು.

ಇನ್ನು ಕೈಗೆ ಹತ್ತುವ ವಿಷಯ. ಕೇಳುವುದು ಹೇಗೆ? 13ನೆಯ ಕೀರ್ತನೆಯನ್ನು ತೆಗೆದುಕೊಳ್ಳಿ, ಆರೇ ವಚನ. ಮೊದಲ ಎರಡು ವಚನ ದೂರು, ‘ಇನ್ನೆಷ್ಟು ಕಾಲ’ ಎಂಬ ಮಾತು ನಾಲ್ಕು ಸಲ. ಮೂರು ಮತ್ತು ನಾಲ್ಕು ಬೇಡಿಕೆ, ‘ನೋಡು, ಉತ್ತರ ಕೊಡು, ನನ್ನ ಕಣ್ಣಿಗೆ ಬೆಳಕು ಕೊಡು’. ಐದು ಮತ್ತು ಆರು ಭರವಸೆ, ‘ನಾನಾದರೋ ನಿನ್ನ ಕೃಪೆಯನ್ನು ನೆಚ್ಚಿಕೊಂಡಿದ್ದೇನೆ’. ನಾಲ್ಕಕ್ಕೂ ಐದಕ್ಕೂ ನಡುವೆ ಹೊರಗಿನ ಪರಿಸ್ಥಿತಿ ಬದಲಾದ ಸುಳಿವಿಲ್ಲ. ದುಃಖ ಇದ್ದಲ್ಲೇ ಇದೆ, ಶತ್ರು ಇದ್ದಲ್ಲೇ ಇದ್ದಾನೆ. ಹೊಸದಾಗಿ ಬಂದದ್ದು ‘ಆದರೋ’ ಒಂದೇ.

ಇದನ್ನು ಅಚ್ಚಿನಂತೆ ಬಳಸಬಹುದು. ಒಂದು ಹಾಳೆಯಲ್ಲಿ ಮೊದಲು ದೇವರನ್ನು ಹೆಸರು ಹಿಡಿದು ಕರೆಯಿರಿ. ಈ ಹೆಜ್ಜೆಯನ್ನು ಬಿಟ್ಟರೆ ಬರೆದದ್ದು ಡೈರಿಯಾಗುತ್ತದೆ, ಪ್ರಾರ್ಥನೆಯಾಗುವುದಿಲ್ಲ. ಆಮೇಲೆ ದೂರು. ‘ಕಷ್ಟದಲ್ಲಿದ್ದೇನೆ’ ಎಂದು ಸವರಿ ಬಿಡದೆ, ಯಾವ ಕಷ್ಟ, ಎಂದಿನಿಂದ, ಯಾರನ್ನು ಕಳೆದುಕೊಂಡೆ ಎಂದು ಬರೆಯಿರಿ. ಆಮೇಲೆ ಬೇಡಿಕೆ, ಏನು ಬೇಕು ಎನ್ನುವುದು ನೇರವಾಗಿ. ಭರವಸೆಯ ಸಾಲು ಬಂದರೆ ಬರೆಯಿರಿ, ಬಾರದಿದ್ದರೆ ಜಾಗ ಬಿಡಿ. ಸಭೆಗಳಲ್ಲಿ ಹೆಚ್ಚಾಗಿ ಕೆಡುವುದು ಇಲ್ಲಿ: ದೂರನ್ನು ಅರ್ಧಕ್ಕೇ ನಿಲ್ಲಿಸಿ ಜಯದ ಹಾಡಿಗೆ ಎಳೆದುಬಿಡುತ್ತೇವೆ. ಎಳೆಸಿಕೊಂಡವರು ತುಟಿ ಆಡಿಸುತ್ತಾರೆ, ಒಳಗೆ ದೂರವಾಗುತ್ತಾರೆ, ಕೆಲವು ವಾರಗಳಲ್ಲಿ ಬರುವುದನ್ನೇ ನಿಲ್ಲಿಸುತ್ತಾರೆ. 88ನೆಯ ಕೀರ್ತನೆ ಭರವಸೆಯ ಸಾಲಿಲ್ಲದೆಯೇ ಪವಿತ್ರ ಗ್ರಂಥದಲ್ಲಿದೆ. ಅದರೊಳಗೆ ಮೂರು ಸಲ, 1, 9, 13ನೆಯ ವಚನಗಳಲ್ಲಿ, ‘ನಿನಗೆ ಮೊರೆಯಿಡುತ್ತೇನೆ’ ಎನ್ನುತ್ತಾನೆ. ಅಷ್ಟೇ ಅದರ ನಂಬಿಕೆ, ಅಷ್ಟು ಸಾಕಾಯಿತು.

ಯಾರ ಮುಂದೆ ಕೇಳಬೇಕು ಎಂಬುದಕ್ಕೂ ವಿವೇಕ ಬೇಕು. 73ನೆಯ ಕೀರ್ತನೆಯ ಆಸಾಫನಿಗೆ ದುಷ್ಟರು ಕೊಬ್ಬಿ ಬದುಕುವುದನ್ನು ನೋಡಿ ಕಾಲು ಜಾರುವುದರಲ್ಲಿತ್ತು. ಆಗಲೇ ಅದನ್ನು ಎಲ್ಲರೆದುರು ಆಡಿದ್ದರೆ ದೇವರೇ, ನಿನ್ನ ಮಕ್ಕಳಿಗೆ ದ್ರೋಹ ಮಾಡಿದಂತಾಗುತ್ತಿತ್ತು ಎಂದು 15ನೆಯ ವಚನದಲ್ಲಿ ಹೇಳುತ್ತಾನೆ. ದೇವಾಲಯಕ್ಕೆ ಹೋಗಿ ದೇವರೆದುರು ಬಿಚ್ಚಿಟ್ಟ. ಆಮೇಲೆ ಹಾಡಾಗಿ ಎಲ್ಲರಿಗೂ ಕೊಟ್ಟ. ಹಸಿ ಗಾಯವನ್ನು ದೇವರಿಗೂ ನಂಬುವ ಒಬ್ಬಿಬ್ಬರಿಗೂ ತೋರಿಸಿದರೆ ಸಾಕು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಪ್ರಶ್ನೆ ‘ಬದುಕೇ ಬೇಡ’ ಎಂಬಲ್ಲಿಗೆ ಮುಟ್ಟಿದ್ದರೆ ಅದನ್ನು ನಂಬಿಕೆಯ ಚರ್ಚೆ ಮಾಡಬೇಡಿ. ಒಂದನೆಯ ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಮರುಭೂಮಿಯ ಗಿಡದ ಕೆಳಗೆ ಕೂತು ಸಾವು ಕೇಳಿದ. ದೇವರು ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟ, ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಎರಡನೆಯ ಸಲ ಎಬ್ಬಿಸಿ ಉಣ್ಣಿಸಿದ. ‘ಇಲ್ಲೇನು ಮಾಡುತ್ತಿದ್ದೀ’ ಎಂಬ ಪ್ರಶ್ನೆ ಬಂದದ್ದು ನಲವತ್ತು ದಿನಗಳ ದಾರಿ ನಡೆದ ಮೇಲೆ. ಊಟ, ನಿದ್ದೆ, ಪಕ್ಕದಲ್ಲೊಬ್ಬರು, ವೈದ್ಯರು. ಮೊದಲು ಇವು.

ಇನ್ನು ಕೇಳುವವರ ಪಕ್ಕದಲ್ಲಿ ಕೂರುವವರಿಗೆ. ಯೇಸುವಿನ ಶಿಷ್ಯ ತೋಮನನ್ನು ‘ಸಂಶಯಿ’ ಎಂದು ಕರೆದು ನಮಗೆ ಅಭ್ಯಾಸವಾಗಿದೆ. ಉಳಿದ ಶಿಷ್ಯರೂ ಯೇಸು ಸಾವಿನಿಂದ ಎದ್ದನೆಂದು ಹೆಂಗಸರು ತಂದ ಸುದ್ದಿಯನ್ನು ಹುಚ್ಚುಮಾತೆಂದು ತಳ್ಳಿಹಾಕಿದ್ದವರೇ, ಲೂಕ 24:11ರಲ್ಲಿದೆ. ಯೋಹಾನ 20ರಲ್ಲಿ ಒಂದು ಸಣ್ಣ ವಿವರವಿದೆ. ‘ಗಾಯದಲ್ಲಿ ಬೆರಳಿಡದ ಹೊರತು ನಂಬುವುದೇ ಇಲ್ಲ’ ಎಂದು ತೋಮ ಖಡಾಖಂಡಿತ ಹೇಳಿದ ಎಂಟು ದಿನಗಳ ಮೇಲೆ ಶಿಷ್ಯರು ಮತ್ತೆ ಬಾಗಿಲು ಮುಚ್ಚಿಕೊಂಡು ಒಳಗಿದ್ದಾರೆ, ತೋಮನೂ ಅವರ ಜೊತೆ ಇದ್ದಾನೆ. ಆ ಎಂಟು ದಿನ ನಂಬಿದವರು ಅವನನ್ನು ಹೊರಗೆ ಹಾಕಲಿಲ್ಲ. ನಂಬದ ಅವನೂ ಎದ್ದು ಹೋಗಲಿಲ್ಲ. ಯೇಸು ಬಂದದ್ದು ಆ ಕೋಣೆಗೆ.

ಆದ್ದರಿಂದ ಸಾವಾದ ಮನೆಗೆ ಹೋದಾಗ, ಮನೆಯವರು ಒಪ್ಪಿದರೆ, 13ನೆಯ ಕೀರ್ತನೆಯನ್ನು ಜೊತೆಗೂಡಿ ನಿಧಾನವಾಗಿ ಓದಿ. ಮೊದಲ ನಾಲ್ಕು ವಚನಗಳನ್ನು ದುಃಖದಲ್ಲಿರುವವರು ಓದಲಿ. ಐದನೆಯದಕ್ಕೆ ಬಂದಾಗ ಅವರ ದನಿ ನಿಂತುಹೋದರೆ ಒತ್ತಾಯ ಮಾಡಬೇಡಿ, ಕಣ್ಣೂ ಸನ್ನೆಯೂ ಬೇಡ. ‘ನಾನಾದರೋ’ ಎಂಬಲ್ಲಿಂದ ಮುಂದಿನದನ್ನು ಕೋಣೆಯಲ್ಲಿರುವ ಉಳಿದವರು ಅವರ ಪರವಾಗಿ ಓದಿ ಮುಗಿಸಿ.